ತಿಥಿ ನೋಡಿ ದೋಣಿ ಹತ್ತು
ಕುರ್ವೆ ಸುತ್ತಿ ಏಡಿ ಹಿಡಿಯಲು ಹೊರಡುವ ಗೆಳೆಯರಿಗೆ ಹನ್ನೆರಡು ಪಾಠಗಳು

ಕಲಘಟಗಿ ತಾಲ್ಲೂಕಿನ ನಮ್ಮ ತಂಬೂರಿನವರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕರಾವಳಿಯವರು ನಗುತ್ತಲೇ ಕೇಳುತ್ತಾರೆ. ಸಂಬಂಧ ಇದೆ. ಧಾರವಾಡ ಸೀಮೆಯಲ್ಲಿ ಹುಟ್ಟುವ ಬೇಡ್ತಿ ನಮ್ಮ ಕಲಘಟಗಿ ತಾಲ್ಲೂಕನ್ನು ಹಾಯ್ದು, ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಮುಂದೆ ಗಂಗಾವಳಿ ಎನಿಸಿಕೊಂಡು ಅಂಕೋಲಾ ತಾಲ್ಲೂಕಿನ ಮಂಜಗುಣಿ ಬಳಿ ಕಡಲು ಸೇರುತ್ತದೆ. ಈ ಸೀಮೆಯ ಮಳೆನೀರು ಹೋಗುವ ದಾರಿ ಅದು. ಮನುಷ್ಯರು ಹೋಗುವ ದಾರಿಯೂ ಹೆಚ್ಚುಕಡಿಮೆ ಅದೇ ದಿಕ್ಕಿನದು. ಕಲಘಟಗಿಯಲ್ಲಿ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಹಿಡಿದು ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದರೆ ಉಪ್ಪುಗಾಳಿ ಮುಖಕ್ಕೆ ಬಡಿಯುತ್ತದೆ.

ಏಡಿಯೂ ನಮಗೆ ಹೊಸದಲ್ಲ. ಕಲಘಟಗಿ ಅರ್ಧ ಮಲೆನಾಡು. ಮಳೆಗಾಲದಲ್ಲಿ ಭತ್ತದ ಗದ್ದೆಯ ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಎಳೆದು, ಕೆಂಡದ ಮೇಲೆ ಸುಟ್ಟು ತಿಂದು ಬೆಳೆದವರು ನಮ್ಮಲ್ಲಿ ಬಹಳ ಜನ. ಅದೇ ಧೈರ್ಯದ ಮೇಲೆ ಅಳಿವೆಯ ಏಡಿಗೆ ಕೈ ಹಾಕಿದರೆ ಬೆರಳು ಉಳಿಯುವುದಿಲ್ಲ. ಸುಗ್ಗಿ ಮುಗಿದ ಮೇಲೆ ಗೆಳೆಯರ ಗುಂಪು ಕಟ್ಟಿ ಕರಾವಳಿಗೆ ಕರೆದುಕೊಂಡು ಹೋಗಿ, ದೋಣಿ ಹತ್ತಿಸಿ, ಏಡಿ ಹಿಡಿಸಿ, ಎಲ್ಲರನ್ನೂ ಒಣಗಿದ ಬಟ್ಟೆಯಲ್ಲಿ ಮನೆ ಮುಟ್ಟಿಸುವ ಕೆಲಸ ಬಹಳ ವರ್ಷಗಳಿಂದ ನನ್ನ ತಲೆಗೆ ಬಿದ್ದಿದೆ. ಅದರಿಂದ ಕಲಿತದ್ದರ ಸಾರ ಇಷ್ಟು: ನೀರಿನ ಮೇಲಿನ ದಿನ ಚೆನ್ನಾಗಿ ಹೋಗುತ್ತದೋ ಕೆಡುತ್ತದೋ ಎಂಬುದು ದಂಡೆಯ ಮೇಲೇ ತೀರ್ಮಾನವಾಗಿರುತ್ತದೆ. ಬಿಡಿಸಿ ಹೇಳುವುದಾದರೆ ಹೀಗೆ.

1. ಮೊದಲು ತಿಥಿ, ಆಮೇಲೆ ರಜೆ

ನಾವು ಶನಿವಾರ–ಭಾನುವಾರ ನೋಡಿ ಹೊರಡುವವರು. ನೀರಿಗೆ ವಾರ ಗೊತ್ತಿಲ್ಲ, ಚಂದ್ರ ಗೊತ್ತು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಮತ್ತು ದಿನದಿಂದ ದಿನಕ್ಕೆ ಅದು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಬಹಳ ಏರಿ ಬಹಳ ಇಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿಯ ಸುತ್ತಮುತ್ತ ಏರಿಳಿತ ಕಡಿಮೆ.

ಕೊಂಕಣ ತೀರದ ಮೀನುಗಾರರ ಹಳೆಯ ಲೆಕ್ಕವೊಂದಿದೆ. ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ತೆಗೆದರೆ ಭರತ ತುಂಬುವ ಗಂಟೆ ಸಿಗುತ್ತದೆ. ಅಷ್ಟಮಿಗೆ ಎಂಟರ ಮುಕ್ಕಾಲು ಆರು, ಅಂದರೆ ಆರು ಗಂಟೆಗೆ ನೀರು ತುಂಬಿರುತ್ತದೆ. ಇದು ಮುಂಬೈ ಕಡೆಯ ಲೆಕ್ಕ. ಕಾರವಾರ–ಕುಮಟಾ ಕಡೆಗೆ ಸುಮಾರು ಒಂದು ತಾಸು ಮುಂಚೆ ಹಿಡಿಯಬೇಕು. ನದಿಯೊಳಗೆ ಹೋದಷ್ಟೂ ಮತ್ತೆ ತಡವಾಗುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಅಂದಾಜು ಮಾಡಿ, ಮೊಬೈಲಿನಲ್ಲಿ ಭರತ–ಇಳಿತದ ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ಕೊನೆಗೆ ದೋಣಿಯವನಿಗೆ ಫೋನ್ ಮಾಡಿ ಕೇಳಿ. ಮೂರೂ ಒಂದೇ ಹೇಳಿದರೆ ಗಾಡಿ ಬುಕ್ ಮಾಡಿ.

ಇನ್ನೊಂದು ಮಾತು. ಆರು ತಾಸಿನ ಇಳಿತದಲ್ಲಿ ನೀರು ಸಮನಾಗಿ ಇಳಿಯುವುದಿಲ್ಲ. ಮೊದಲ ತಾಸಿನಲ್ಲಿ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ ಮೂರು, ಆಮೇಲೆ ಮತ್ತೆ ಎರಡು, ಒಂದು. ನಡುವಿನ ಎರಡೇ ತಾಸಿನಲ್ಲಿ ಅರ್ಧ ನೀರು ಹೊರಟುಹೋಗುತ್ತದೆ. ಕುರ್ವೆಯ, ಅಂದರೆ ನದಿ ಬಾಯಿಯ ದ್ವೀಪದ, ದಂಡೆಗೆ ದೋಣಿ ಕಟ್ಟಿ ಊಟಕ್ಕೆ ಕೂತವರು ಎದ್ದು ನೋಡುವಷ್ಟರಲ್ಲಿ ದೋಣಿ ಕೆಸರಿನ ಮೇಲೆ ಕೂತಿರುವುದು ಇದೇ ಕಾರಣಕ್ಕೆ. ಆಮೇಲೆ ಮುಂದಿನ ಭರತದವರೆಗೆ ಕಾಯುವುದೊಂದೇ ದಾರಿ.

2. ಯಾವ ದ್ವೀಪ ಎಂಬುದು ಎದೆಗಾರಿಕೆಯ ಮಾತಲ್ಲ

ನಮ್ಮ ಕರಾವಳಿಯಲ್ಲಿ ದ್ವೀಪಗಳು ಎರಡು ಬಗೆ. ಕಡಲೊಳಗಿನವು ಒಂದು. ಕಾರವಾರದ ಎದುರಿನ ಕೂರ್ಮಗಡ, ದೀಪಸ್ತಂಭ ಇರುವ ದೇವಗಡ, ಹೊನ್ನಾವರದ ಎದುರಿನ ಬಸವರಾಜದುರ್ಗ, ಮುರುಡೇಶ್ವರದಿಂದ ದೂರದ ನೇತ್ರಾಣಿ, ಮಲ್ಪೆಯ ಸೇಂಟ್ ಮೇರೀಸ್. ಇನ್ನೊಂದು ಬಗೆ ನದಿಯ ಬಾಯಲ್ಲಿ ಹೂಳು ಕೂತು ಆದ ಕುರ್ವೆಗಳು. ಅಘನಾಶಿನಿಯ ಐಗಳಕುರ್ವೆ, ಶರಾವತಿಯ ಮಾವಿನಕುರ್ವೆ ಇಂಥವು. ಕಡಲ ದ್ವೀಪ ನೋಡಲು ಚಂದ. ಸೇಂಟ್ ಮೇರೀಸ್‌ನಲ್ಲಿ ಕಂಬ ಕಡಿದು ನಿಲ್ಲಿಸಿದಂತಿರುವ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಆರಿ ಆದವು. ಆದರೆ ಏಡಿ ಹಿಡಿಯಬೇಕು, ಗುಂಪಿನಲ್ಲಿ ನೀರಿಗೆ ಹೊಸಬರು ಇದ್ದಾರೆ ಎಂದರೆ ಕುರ್ವೆಯೇ ಸರಿ.

ನದಿಗಳಲ್ಲೂ ವ್ಯತ್ಯಾಸ ಇದೆ. ಕಾಳಿಗೆ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ಮೇಲಿನಿಂದ ನೀರು ಬಿಟ್ಟರೆ ಕೆಳಗಿನ ಸೆಳೆತ ಬದಲಾಗುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಅಲ್ಲಿ ನೀರಿನ ನಡೆ ಚಂದ್ರನದು ಮತ್ತು ಮಳೆಯದು ಮಾತ್ರ, ಹಾಗಾಗಿ ಲೆಕ್ಕ ಸುಲಭ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಾಲು, ಚಿಪ್ಪಿಕಲ್ಲು, ಏಡಿ, ಸೀಗಡಿ, ಹಕ್ಕಿ ಎಲ್ಲ ಒಂದೇ ಕಡೆ ಇರುವ ಈ ಅಳಿವೆಗೆ 2024ರಲ್ಲಿ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಅದೇ ಸಲ ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಸಿಕ್ಕಿತು. ಹೊಸಬರ ಗುಂಪಿಗೆ ನಾನು ಮೊದಲು ಹೇಳುವ ಹೆಸರು ಅಘನಾಶಿನಿ.

ಅಳಿವೆಯ ಬಾಯಿಗೆ ಮಾತ್ರ ಹೋಗಬೇಡಿ. ಇಳಿತದ ನೀರು ಹೊರಗೆ ಓಡುತ್ತಿರುವಾಗ ಕಡಲಿನ ಅಲೆ ಎದುರಾಗಿ ಬರುತ್ತದೆ. ಎರಡೂ ಗುದ್ದಿಕೊಂಡು ಅಲೆ ಎದ್ದು ನಿಲ್ಲುತ್ತದೆ. ಕೆಳಗೆ ಮರಳಿನ ದಿಬ್ಬ, ಮೇಲೆ ಎದ್ದ ಅಲೆ. ನುರಿತ ಮೀನುಗಾರರ ದೋಣಿಗಳೇ ಮಗುಚುವ ಜಾಗ ಅದು. ಫೋಟೊ ಚೆನ್ನಾಗಿ ಬರುತ್ತದೆ ಎಂದು ಯಾರಾದರೂ ಅಂದರೆ ಕಿವಿಗೊಡಬೇಡಿ.

3. ಗಾಳಿ ಮಧ್ಯಾಹ್ನದ ಮೇಲೆ ಏಳುತ್ತದೆ

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ನೀರು ಒಳ್ಳೆಯದು. ಮುಂಜಾನೆ ನೆಲದ ಕಡೆಯಿಂದ ತೆಳುವಾದ ಗಾಳಿ, ನೀರು ಎಣ್ಣೆ ಸುರಿದಷ್ಟು ಶಾಂತ. ಬಿಸಿಲೇರಿದ ಮೇಲೆ ಕಡಲಿನಿಂದ ಗಾಳಿ ತಿರುಗಿ ಬೀಸುತ್ತದೆ, ಮೂರರ ಹೊತ್ತಿಗೆ ಸಣ್ಣ ದೋಣಿಗೆ ಕಾಟ ಕೊಡುವಷ್ಟಾಗುತ್ತದೆ. ಆದ್ದರಿಂದ ಬೆಳಗಾಗುವ ಮುಂಚೆ ದಂಡೆಯಲ್ಲಿರಿ, ಮಧ್ಯಾಹ್ನದ ಊಟ ದಂಡೆಯಲ್ಲೇ ಮಾಡಿ. ಹಿಂದಿನ ರಾತ್ರಿಯೇ ಇಳಿದು ಉಳಿದರೆ ಇದು ಸಾಧ್ಯ. ತಂಬೂರಿನಿಂದ ಮುಂಜಾನೆ ಹೊರಟು ಹತ್ತೂವರೆಗೆ ದೋಣಿ ಹತ್ತುವುದು ಅರ್ಧ ದಿನ ಕಳೆದುಕೊಂಡ ಹಾಗೆ.

ಮಳೆಗಾಲದಲ್ಲಿ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ಪಶ್ಚಿಮ ಕರಾವಳಿಯಲ್ಲಿ ನಿಷೇಧ ಇರುತ್ತದೆ. ಹೊಟ್ಟೆಪಾಡಿನವರೇ ದಂಡೆಯಲ್ಲಿ ಕೂತಾಗ ಮೋಜಿಗೆ ಹೋಗುವುದಕ್ಕೆ ಅರ್ಥ ಇಲ್ಲ. ಚಳಿಗಾಲದಲ್ಲೂ ಹೊರಡುವ ಮುನ್ನಾದಿನ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆ ಮುನ್ಸೂಚನೆ ನೋಡಿ. ಆಕಾಶ ತಿಳಿಯಾಗಿದ್ದರೂ ದೂರದ ಸಾಗರದಲ್ಲಿ ಎದ್ದ ಅಲೆ ಇಲ್ಲಿಗೆ ಬಂದು ಬಡಿಯುವುದುಂಟು.

4. ದೋಣಿಯಲ್ಲಿ ತಾಂಡೇಲನ ಮಾತೇ ಕೊನೆ

ದಂಡೆಯ ಮೇಲೆ ನಾವು ಗಿರಾಕಿಗಳು. ದೋಣಿಗೆ ಕಾಲಿಟ್ಟ ಮೇಲೆ ಅದನ್ನು ನಡೆಸುವ ತಾಂಡೇಲನೇ ಯಜಮಾನ. ಅವನು ಹರಿಕಂತ್ರನಿರಲಿ, ಅಂಬಿಗನಿರಲಿ, ಖಾರ್ವಿಯಿರಲಿ, ಆ ನೀರಿನ ಪ್ರತಿ ಮೊಳ ಅವನಿಗೆ ಗೊತ್ತು. ನಮ್ಮ ಕಡೆಯವರಿಗೆ ಬಾಯಿ ಜೋರು. "ಏ ಅಣ್ಣಾ, ಇನ್ನ ಸ್ವಲ್ಪ ಮುಂದ ಹೋಗೋಣ ನಡಿಯೋ, ರೊಕ್ಕಾ ಕೊಡ್ತೇವಿ" ಎನ್ನುವವನು ಗುಂಪಿಗೊಬ್ಬ ಇದ್ದೇ ಇರುತ್ತಾನೆ. "ಬೇಡ ಅಣ್ಣ, ನೀರು ತಿರುಗ್ತು" ಎಂದು ದೋಣಿಯವನು ಒಂದು ಸಲ ಅಂದರೆ ಮಾತು ಮುಗಿಯಿತು. ಹಣ ಹೆಚ್ಚು ಕೊಟ್ಟು ಅವನ ಮನಸ್ಸು ತಿರುಗಿಸುವುದು ಗುಂಪಿನ ಜೀವದ ಮೇಲೆ ಪಂಥ ಕಟ್ಟಿದಂತೆ. ಇದನ್ನು ನಾನು ಯಲ್ಲಾಪುರದಲ್ಲಿ ಚಹಾ ಕುಡಿಯುವಾಗಲೇ ಎಲ್ಲರಿಗೂ ಹೇಳಿ ಒಪ್ಪಿಸಿರುತ್ತೇನೆ.

ಕೂರುವ ರೀತಿಯೂ ಅವನು ಹೇಳಿದಂತೆ. ಭಾರದವರು ನಡುವೆ, ಎಲ್ಲರೂ ತಗ್ಗಿ, ಎರಡೂ ಬದಿಗೆ ಸಮ. ಕಾರವಾರದ ಕಡೆ ಡಾಲ್ಫಿನ್ ಕಾಣುತ್ತವೆ. ಬೆನ್ನು ಕಂಡ ಕ್ಷಣ ಹತ್ತು ಜನ ಮೊಬೈಲ್ ಹಿಡಿದು ಒಂದೇ ಬದಿಗೆ ಎದ್ದು ನುಗ್ಗುತ್ತಾರೆ. ಆಗ ದೋಣಿ ಕಲಘಟಗಿ ತೊಟ್ಟಿಲಿನಂತೆ ತೂಗುತ್ತದೆ, ಆದರೆ ಇದಕ್ಕೆ ಸರಪಳಿ ಇಲ್ಲ. ಡಾಲ್ಫಿನ್ ಕಂಡರೆ ಕೂತಲ್ಲೇ ಕತ್ತು ತಿರುಗಿಸಿ ನೋಡಬೇಕು ಎಂದು ಮೊದಲೇ ಹೇಳಿಡಿ.

5. ಜಾಕೆಟ್ ಹಾಕದವನು ದಂಡೆಯಲ್ಲೇ ಉಳಿಯಲಿ

2019ರ ಜನವರಿ 21. ಕೂರ್ಮಗಡದ ನರಸಿಂಹ ದೇವರ ಜಾತ್ರೆ. ವರ್ಷಕ್ಕೊಮ್ಮೆ ಪುಷ್ಯ ಹುಣ್ಣಿಮೆಗೆ ಜನ ದೋಣಿಯಲ್ಲಿ ಹೋಗಿ ಬಾಳೆಹಣ್ಣು ಒಪ್ಪಿಸಿ ಬರುವ ಜಾತ್ರೆ ಅದು. ಆ ದಿನ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ತೀರಿಕೊಂಡರು. ದೋಣಿಯಲ್ಲಿ ಹೆಚ್ಚು ಜನ ತುಂಬಿದ್ದರು, ಬಹುತೇಕರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಸತ್ತವರಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಒಂದೇ ಮನೆತನದವರು ಹಲವರಿದ್ದರು. ಬಯಲುಸೀಮೆಯಿಂದ ಹೋಗುವ ಪ್ರತಿ ಗುಂಪೂ ಈ ದಿನವನ್ನು ನೆನಪಿಡಬೇಕು.

ಜಾಕೆಟ್ಟನ್ನು ಬೆನ್ನಿಗೆ ಒರಗು ದಿಂಬು ಮಾಡಿಕೊಳ್ಳುವುದಲ್ಲ, ಹಾಕಿ ಪಟ್ಟಿ ಬಿಗಿದು ಹೆಗಲ ಹತ್ತಿರ ಹಿಡಿದು ಮೇಲೆತ್ತಿ ನೋಡಬೇಕು. ಗದ್ದದವರೆಗೆ ಜಾರಿದರೆ ಅದು ಸಡಿಲ. ದೊಡ್ಡವರ ಜಾಕೆಟ್ ಮಕ್ಕಳಿಗೆ ಹಾಕಿದರೆ ಹಾಕದಂತೆಯೇ ಲೆಕ್ಕ. ತಲೆಗೊಂದು ಜಾಕೆಟ್ ಇಲ್ಲದ ದೋಣಿಯನ್ನು ಬಿಟ್ಟು ಇನ್ನೊಂದು ನೋಡಿ. ಕುಡಿದವನಿಗೆ ದೋಣಿ ಇಲ್ಲ. ಇದರಲ್ಲಿ ಮಾವ, ಕಾಕಾ, ಹಿರಿಯರು ಎಂಬ ರಿಯಾಯಿತಿ ಕೊಡಬೇಡಿ.

6. ಕೆರೆಯ ಈಜು ಬೇರೆ

ನಮ್ಮ ಹುಡುಗರು ಕೆರೆಯಲ್ಲಿ, ಬಾವಿಯಲ್ಲಿ ಈಜು ಕಲಿತವರು. ಕೆರೆಯ ನೀರು ನಿಂತಲ್ಲೇ ಇರುತ್ತದೆ. ದಣಿದರೆ ತಿರುಗಿ ದಡ ಸೇರಬಹುದು, ದಡ ಇದ್ದಲ್ಲೇ ಇರುತ್ತದೆ. ಅಳಿವೆಯಲ್ಲಿ ನೀವು ಈಜುತ್ತಿರುವಾಗ ನೀರೂ ನಡೆಯುತ್ತಿರುತ್ತದೆ. ಸೆಳೆತಕ್ಕೆ ಸಿಕ್ಕಿದರೆ ಎದುರಿಗೆ ಈಜಿ ಸೋಲಬೇಡಿ. ಅಡ್ಡಕ್ಕೆ, ದಂಡೆಗೆ ಸಮಾನವಾಗಿ ಈಜಿ ಸೆಳೆತದಿಂದ ಹೊರಬಿದ್ದ ಮೇಲೆ ದಡದ ಕಡೆ ತಿರುಗಿ. ದೋಣಿ ಮಗುಚಿದರೆ ದೋಣಿಯನ್ನೇ ಹಿಡಿದುಕೊಳ್ಳಿ. ದಡ ಹತ್ತಿರ ಕಾಣುತ್ತದೆ ಎಂದು ಬಿಟ್ಟು ಹೊರಡಬೇಡಿ.

7. ಕಾಲಿಗೆ ಶೂ, ಹೊಟ್ಟೆಗೆ ಸ್ವಲ್ಪ

ಚಿಪ್ಪಿಕಲ್ಲಿನ ಅಂಚು ಬ್ಲೇಡಿನಷ್ಟು ಹರಿತ. ಹವಾಯಿ ಚಪ್ಪಲಿ ಕೆಸರಿನಲ್ಲಿ ಉಳಿದುಹೋಗುತ್ತದೆ. ಹಳೆಯ ಕ್ಯಾನ್ವಾಸ್ ಶೂ ಹಾಕಿ. ಆಳವಿಲ್ಲದ ನೀರಿನಲ್ಲಿ ಕಾಲೆತ್ತಿ ನಡೆಯದೆ ನೆಲ ಸವರುತ್ತ ನಡೆಯಿರಿ. ಮರಳಿನಲ್ಲಿ ಹುದುಗಿದ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ಮೇಲೆ ಕಾಲಿಟ್ಟರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಚುಚ್ಚಿದರೆ ಗಾಯವನ್ನು ತೊಳೆದು, ಚರ್ಮ ಸುಡದಷ್ಟು, ಆದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಕಾಲು ಮುಳುಗಿಸಿಡಿ. ಆ ವಿಷ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ಆಮೇಲೆ ಆಸ್ಪತ್ರೆ.

ಖಾಲಿ ಹೊಟ್ಟೆಯೂ ಬೇಡ, ಮಿರ್ಚಿ–ಭಜಿ ಹೊಡೆದ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ವಾಂತಿ ಬರುವವರು ಮಾತ್ರೆಯನ್ನು ದೋಣಿ ಹತ್ತುವ ಅರ್ಧ ತಾಸು ಮುಂಚೆ ನುಂಗಬೇಕು, ತಲೆ ತಿರುಗಿದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಮೊಬೈಲ್ ನೋಡುವುದು ಬಿಟ್ಟು ದೂರದ ಗೆರೆ ನೋಡುತ್ತ ಕೂತರೆ ಅರ್ಧ ಗುಣ.

8. ಏಡಿಯನ್ನು ಅಟ್ಟಬೇಡಿ, ಕರೆಯಿರಿ

ಅಳಿವೆಯ ದೊಡ್ಡ ಏಡಿ ಕೆಸರಿನದು. ಕಾಂಡ್ಲಾ ಬೇರಿನ ಬುಡದಲ್ಲಿ ಬಿಲ ಮಾಡಿಕೊಂಡು ಇರುತ್ತದೆ. ಭರತದ ನೀರು ಏರತೊಡಗಿದಾಗ ಮೇಯಲು ಹೊರಡುತ್ತದೆ. ಆದ್ದರಿಂದ ಇಳಿತ ಮುಗಿದು ನೀರು ತಿರುಗುವ ಹೊತ್ತಿಗೆ ಬಲೆ ಹಾಕಿ ಸಿದ್ಧರಿರಬೇಕು. ಭರತದ ಮೊದಲ ಎರಡು ತಾಸು ಚಿನ್ನದ ಹೊತ್ತು. ನಡುಭರತದ ಸೆಳೆತದಲ್ಲಿ ಬಲೆ ನಿಲ್ಲುವುದಿಲ್ಲ.

ಹೊಸಬರಿಗೆ ಬಳೆ ಬಲೆಯೇ ಸುಲಭ. ಎರಡು ಗೇಣು ಅಗಲದ ಕಬ್ಬಿಣದ ಬಳೆಗೆ ಜೋಲು ಬಿಟ್ಟು ಹೆಣೆದ ಬಲೆ, ನಡುವೆ ಕಟ್ಟಿದ ಮೇವು, ಮೂರು ಕಡೆಯಿಂದ ಬಂದು ಕೂಡುವ ಹಗ್ಗ, ತುದಿಗೆ ಥರ್ಮಾಕೋಲ್ ತುಂಡು. ಮೇವಿಗೆ ಬಂಗುಡೆಯ ತಲೆ ಒಳ್ಳೆಯದು, ಕೋಳಿಯ ಕರುಳೂ ನಡೆಯುತ್ತದೆ. ಮೇವನ್ನು ಸಡಿಲ ಕಟ್ಟಿದರೆ ಏಡಿ ಕಿತ್ತುಕೊಂಡು ಹೋಗುತ್ತದೆ. ತಂತಿಯಿಂದ ಬಿಗಿದರೆ ಅಲ್ಲೇ ಕೂತು ತಿನ್ನುತ್ತದೆ. ಕಾಂಡ್ಲಾ ಅಂಚಿಗೆ ಸಾಲಾಗಿ ಬಲೆ ಬಿಟ್ಟು, ಕೊನೆಯದನ್ನು ಬಿಟ್ಟ ಮೇಲೆ ಹತ್ತು–ಹದಿನೈದು ನಿಮಿಷ ಸುಮ್ಮನಿದ್ದು, ಮೊದಲನೆಯದರಿಂದ ಎತ್ತುತ್ತ ಬನ್ನಿ.

ಎತ್ತುವುದೇ ವಿದ್ಯೆ. ದೋಣಿಯನ್ನು ಬಲೆಯ ನೇರ ಮೇಲಕ್ಕೆ ತಂದು, ಸಡಿಲ ಹಗ್ಗವನ್ನು ಮೆಲ್ಲಗೆ ಎಳೆದು ಬಿಗಿ ಮಾಡಿ, ಆಮೇಲೆ ನಿಲ್ಲಿಸದೆ ಒಂದೇ ಸಮನೆ ಎಳೆಯಬೇಕು. ನಡುವೆ ಕೈ ಬದಲಿಸಲು ನಿಂತರೆ ಬಳೆ ವಾಲುತ್ತದೆ, ಏಡಿ ಅಂಚು ದಾಟಿ ಇಳಿದುಬಿಡುತ್ತದೆ. ಓರೆಯಾಗಿ ಎಳೆದರೂ ಅದೇ ಕಥೆ. ಬಲೆ ನೀರು ಬಿಟ್ಟು ಮೇಲೆ ಬಂದಾಗ ಹಸಿರು–ಕಂದು ಬಣ್ಣದ ಬೆನ್ನು ಕಂಡರೆ ಕೂಗಾಡಬೇಡಿ, ಬಲೆಯನ್ನು ದೋಣಿಯೊಳಕ್ಕೆ ತಂದು ಇಡಿ.

ಬಿಲದ ಏಡಿ ಹಿಡಿಯುವುದು ದೋಣಿಯವನ ಕೆಲಸ, ನಮ್ಮದಲ್ಲ. ತುದಿ ಬಾಗಿದ ಕಬ್ಬಿಣದ ಸರಳನ್ನು ಅವನು ಬಿಲಕ್ಕೆ ಇಳಿಸಿ ಕೈಯಿಂದಲೇ ಕೇಳುತ್ತಾನೆ. ಬೇರಿಗೆ ತಾಗಿದರೆ ಮೆತ್ತಗೆ, ಕಲ್ಲಿಗೆ ತಾಗಿದರೆ ಗಟ್ಟಿ, ಏಡಿಯ ಬೆನ್ನಿಗೆ ತಾಗಿದರೆ ಟಕ್ಕೆಂದು ಟೊಳ್ಳು ಸದ್ದು. ಸರಳನ್ನು ಅದರ ಹಿಂದಕ್ಕೆ ದಾಟಿಸಿ, ಮುಂದಕ್ಕೆ ಸರಿಸಿ, ಹೊರಬಂದ ಕ್ಷಣ ಕಾಲಿನಿಂದ ಒತ್ತಿ ಹಿಡಿದು ದಾರ ಸುತ್ತುವುದು ಮುಗಿಯುವಷ್ಟರಲ್ಲಿ ನಮಗೆ ಏನಾಯಿತೆಂದೇ ತಿಳಿದಿರುವುದಿಲ್ಲ. ಗದ್ದೆ ಏಡಿಯ ಬಿಲಕ್ಕೆ ಕೈ ಹಾಕಿದವರು ಇಲ್ಲಿ ಕೈ ಕಟ್ಟಿಕೊಂಡು ನೋಡಬೇಕು.

ಹಿಡಿಯಲೇಬೇಕಾದರೆ ಹಿಂದಿನಿಂದ, ಕೊನೆಯ ಚಪ್ಪಟೆ ಕಾಲುಗಳ ಬುಡದಲ್ಲಿ ಹಿಡಿಯಿರಿ. ಮುಂದಿನ ಇಕ್ಕಳದ ಕಾಲು ಅಲ್ಲಿಗೆ ಮುಟ್ಟುವುದಿಲ್ಲ. ಬೆರಳು ಸಿಕ್ಕಿತೆಂದರೆ ಎಳೆಯಬೇಡಿ, ಎಳೆದಷ್ಟೂ ಬಿಗಿಯುತ್ತದೆ. ಕೈಯನ್ನು ಏಡಿ ಸಮೇತ ನೀರಿಗೆ ಇಳಿಸಿದರೆ ಸಾಮಾನ್ಯವಾಗಿ ತಾನಾಗಿ ಬಿಟ್ಟು ಹೋಗುತ್ತದೆ.

9. ಹೊಟ್ಟೆ ತಿರುಗಿಸಿ ನೋಡಿ, ಆಮೇಲೆ ಚೀಲಕ್ಕೆ ಹಾಕಿ

ಏಡಿಯನ್ನು ಮಗುಚಿದರೆ ಹೊಟ್ಟೆಯ ಮೇಲೆ ಒಂದು ಮುಚ್ಚಳ ಕಾಣುತ್ತದೆ. ಗಂಡಿಗೆ ಅದು ಕಿರಿದಾಗಿ ಚೂಪು, ಬೆಳೆದ ಹೆಣ್ಣಿಗೆ ಅಗಲವಾಗಿ ಗುಂಡಗೆ. ಕೆಸರಿನ ಏಡಿಯ ಹೆಣ್ಣು ಮೊಟ್ಟೆ ಬಿಡಲು ಅಳಿವೆ ದಾಟಿ ಕಡಲಿಗೆ ಹೋಗುತ್ತದೆ. ಒಂದೊಂದು ಹೆಣ್ಣಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ. ಮರಿಗಳು ಕಡಲಲ್ಲಿ ರೂಪ ಬದಲಿಸುತ್ತ ಬೆಳೆದು ಮತ್ತೆ ಅಳಿವೆಗೆ ಬರುತ್ತವೆ, ಬದುಕುವವು ಬೆರಳೆಣಿಕೆ. ನಮ್ಮ ಗದ್ದೆ ಏಡಿಯ ಬಾಳೇ ಬೇರೆ. ಅದಕ್ಕೆ ಕಡಲು ಬೇಡ, ಇಡುವ ಮೊಟ್ಟೆ ಕಡಿಮೆ, ಮರಿಗಳು ಏಡಿಯ ರೂಪದಲ್ಲೇ ಹೊರಬಂದು ಕೆಲ ದಿನ ತಾಯಿಯ ಹೊಟ್ಟೆಯ ಮುಚ್ಚಳದಡಿ ಇರುತ್ತವೆ. ಮರಿ ಹೊತ್ತ ಏಡಿಯನ್ನು ಗದ್ದೆಗೇ ಬಿಡುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು. ಅದನ್ನೇ ಇಲ್ಲಿಗೂ ತನ್ನಿ: ಮೊಟ್ಟೆ ಹೊತ್ತದ್ದು, ಬೆಳೆದು ಹೊರಡಲು ಸಿದ್ಧವಾದ ಹೆಣ್ಣು, ಅಂಗೈಗಿಂತ ಸಣ್ಣದು ಮೂರನ್ನೂ ಬಿಟ್ಟುಬಿಡಿ.

ಉಳಿದವುಗಳಲ್ಲೂ ಪೊಳ್ಳು–ಗಟ್ಟಿ ನೋಡಬೇಕು. ಏಡಿ ಬೆಳೆಯಲು ಹಳೆ ಚಿಪ್ಪು ಕಳಚಬೇಕು. ಕಳಚಿದ ಹೊಸದರಲ್ಲಿ ಒಳಗೆ ನೀರೇ ಹೆಚ್ಚು, ಮಾಂಸ ಇಲ್ಲ. ಕಾಲುಗಳ ಬುಡದ ಹತ್ತಿರ ಹೊಟ್ಟೆಯ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ತಗ್ಗಿದರೆ ಪೊಳ್ಳು, ಕಲ್ಲಿನಂತೆ ನಿಂತರೆ ತುಂಬಿದೆ. ಗಾತ್ರ ನೋಡಿ ಮೋಸ ಹೋಗುವವರು ಸಂತೆಯಲ್ಲೂ ಇದೇ ಪರೀಕ್ಷೆ ಮಾಡಬಹುದು. ಹುಣ್ಣಿಮೆ ಏಡಿ ಪೊಳ್ಳು, ಅಮಾವಾಸ್ಯೆ ಏಡಿ ತುಂಬಿದ್ದು ಎಂಬ ಮಾತು ಕರಾವಳಿಯಲ್ಲಿದೆ. ನಾನು ಹೆಬ್ಬೆರಳನ್ನೇ ನಂಬುತ್ತೇನೆ.

10. ನೀರಿನಲ್ಲಿ ಇಡಬೇಡಿ, ಸತ್ತದ್ದನ್ನು ಬೇಯಿಸಬೇಡಿ

ಹಿಡಿದ ಏಡಿಯನ್ನು ಬಕೆಟ್ ನೀರಿನಲ್ಲಿ ಹಾಕಿದರೆ ನೀರಿನ ಉಸಿರು ತೀರಿ ಸಾಯುತ್ತದೆ. ಇಕ್ಕಳದ ಕಾಲು ಕಟ್ಟಿ, ಒದ್ದೆ ಗೋಣಿಚೀಲ ಸುತ್ತಿ ನೆರಳಿನಲ್ಲಿಟ್ಟರೆ ಕಿವಿರು ಒದ್ದೆ ಇರುವಷ್ಟು ಹೊತ್ತು ಗಾಳಿಯಲ್ಲೇ ಬದುಕುತ್ತದೆ. ಮಧ್ಯೆ ಮಧ್ಯೆ ಉಪ್ಪುನೀರು ಚಿಮುಕಿಸಿ. ಬೇಯಿಸುವ ಮುಂಚೆ ಅರ್ಧ ತಾಸು ಮಂಜುಗಡ್ಡೆಯಲ್ಲಿಟ್ಟರೆ ಅದು ಮರಗಟ್ಟುತ್ತದೆ. ಒದ್ದಾಟ ಇಲ್ಲ, ಕಾಲು ಉದುರುವುದಿಲ್ಲ. ತಾನಾಗಿ ಸತ್ತ ಏಡಿ ಬಹಳ ಬೇಗ ಕೆಡುತ್ತದೆ, ಎಷ್ಟು ದೊಡ್ಡದಿದ್ದರೂ ಎಸೆಯಿರಿ. ಅರೆಬೆಂದ ಏಡಿ, ಅದರಲ್ಲೂ ಗದ್ದೆ ಏಡಿ, ತಿನ್ನಬೇಡಿ.

ಅಡುಗೆಗೆ ದಂಡೆಯ ಮನೆಯವರನ್ನೇ ಕೇಳಿ. ಕಾಯಿ, ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ ಹುರಿದು ಅರೆದ ಅವರ ಮಸಾಲೆಗೆ ನಮ್ಮ ಜೋಳದ ರೊಟ್ಟಿ ಚೆನ್ನಾಗಿ ಕೂಡುತ್ತದೆ. ಬೇಸಿಗೆ ಹೊತ್ತಿಗೆ ಹೋದರೆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗಿಬಿಟ್ಟ ಕುಮಟಾ ಸಿಹಿ ಈರುಳ್ಳಿ ಸಿಗುತ್ತದೆ. ಹಸಿಯಾಗಿ ಹೆಚ್ಚಿ ಪಕ್ಕಕ್ಕೆ ಇಡಿ.

11. ತಿನ್ನದವರೂ ಗುಂಪಿನವರೇ

ನಮ್ಮೂರಿನ ಗುಂಪು ಎಂದ ಮೇಲೆ ಬಸವಣ್ಣನ ಗುಡಿಗೆ ನಡೆದುಕೊಳ್ಳುವ, ಮಾಂಸ ಮುಟ್ಟದ ಗೆಳೆಯರು ಅರ್ಧ ಇರುತ್ತಾರೆ. "ಹಿಡಿಲಿಕ್ಕೆ ಬರ್ತೀನಪಾ, ತಿನ್ನೂದಿಲ್ಲ" ಎನ್ನುವವರೂ ಇದ್ದಾರೆ, ಹಿಡಿಯುವುದನ್ನೂ ನೋಡಲಾಗದವರೂ ಇದ್ದಾರೆ. ಅವರಿಗೆ ಬೇರೆ ಪಾತ್ರೆ, ಬೇರೆ ಒಲೆ, ರೊಟ್ಟಿ–ಶೇಂಗಾ ಚಟ್ನಿ–ಎಣ್ಣೆಗಾಯಿಯ ಗಂಟು ಮನೆಯಿಂದಲೇ ಹೊರಡಬೇಕು. ಹಕ್ಕಿ ನೋಡುವುದು, ಹುಟ್ಟು ಹಾಕುವುದು, ಹಗ್ಗ ನೋಡಿಕೊಳ್ಳುವುದು ಅವರ ಪಾಲಿಗೆ ಇರಲಿ. ಚೇಷ್ಟೆ ಮಾಡಿ ತಟ್ಟೆಗೆ ಏಡಿ ಕಾಲು ಎಸೆಯುವವನನ್ನು ಮುಂದಿನ ವರ್ಷ ಬಿಟ್ಟು ಹೋಗಿ. ಒಟ್ಟು ಗುಂಪು ಉಳಿಯಬೇಕಾದರೆ ಇದು ಜಾಕೆಟ್ಟಿನಷ್ಟೇ ಮುಖ್ಯ.

12. ಕುರ್ವೆ ಯಾರದೋ ಊರು

ನಮಗೆ ಅದು ದ್ವೀಪ, ಅಲ್ಲಿಯವರಿಗೆ ಮನೆ. ಅಘನಾಶಿನಿಯ ದಂಡೆಯಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸೀಗಡಿ, ಮೀನು, ಏಡಿ ಹಿಡಿಯುತ್ತಾರೆ. ನೀರು ಒಳಬಿಡುವ, ಹೊರಬಿಡುವ ಹಲಗೆ ಬಾಗಿಲು ಕಂಡರೆ ಅದರಾಚೆಯ ಏಡಿಗೆ ಒಡೆಯರಿದ್ದಾರೆ ಎಂದು ತಿಳಿಯಿರಿ. ಕಟ್ಟೆಯ ಮೇಲೆ ಹತ್ತು ಜನ ಕುಣಿದಾಡಿದರೆ ಮಣ್ಣು ಕುಸಿಯುತ್ತದೆ. ಒಂದು ಕಟ್ಟೆ ಒಡೆದರೆ ಊರ ಗದ್ದೆಗೆಲ್ಲ ಉಪ್ಪು. ಕಾಂಡ್ಲಾ ಕೊಂಬೆ ಮುರಿಯಬೇಡಿ, ಏಡಿ ಸಂತಾನದ ತೊಟ್ಟಿಲೂ ಅದೇ, ದಂಡೆಯ ಕಾವಲೂ ಅದೇ. ಇಳಿತದಲ್ಲಿ ಸೊಂಟ ಬಗ್ಗಿಸಿ ಚಿಪ್ಪಿ ಆಯುವ ಹೆಂಗಸರ ಫೋಟೊ ತೆಗೆಯುವ ಮುಂಚೆ "ಅಕ್ಕಾ, ತೆಗೀಲಾ?" ಎಂದು ಕೇಳಿ.

ದುಡ್ಡಿನ ಮಾತನ್ನೂ ದಂಡೆಯಲ್ಲೇ ಮುಗಿಸಿ. ದೋಣಿ ಎಷ್ಟು ತಾಸಿಗೆ, ಬಲೆ ಮತ್ತು ಮೇವು ಯಾರದು, ಸಿಕ್ಕ ಏಡಿ ಎಷ್ಟು ನಮ್ಮದು, ಸಿಗದಿದ್ದರೂ ಬಾಡಿಗೆ ಕೊಡಬೇಕೇ ಎಂಬ 4 ಪ್ರಶ್ನೆ ಕೇಳಿದರೆ ಜಗಳ ಇಲ್ಲ. ದೊಡ್ಡ ಏಡಿಗೆ ಪೇಟೆಯಲ್ಲಿ ಒಳ್ಳೆಯ ಬೆಲೆ ಇದೆ. ನಮ್ಮ ಮೋಜಿನ ಚೀಲಕ್ಕೆ ಬಿದ್ದದ್ದು ಅವನ ಮನೆಯ ಸಂತೆ ದುಡ್ಡು. ಗುಂಪಿನ ಒಂದು ಊಟಕ್ಕೆ ಸಾಕಾಗುವಷ್ಟು ಇಟ್ಟುಕೊಂಡು ಉಳಿದದ್ದನ್ನು ಅವನಿಗೇ ಬಿಡಿ.

ಮರಳುವ ದಿನ ಡ್ರೈವರ್ ಮಧ್ಯಾಹ್ನ ಎರಡು ತಾಸು ಮಲಗಲಿ, ಅರಬೈಲ್ ಘಾಟನ್ನು ಬೆಳಕಿರುವಾಗಲೇ ಹತ್ತಿ. ನೀರಿನ ಮೇಲೆ ಇಷ್ಟೆಲ್ಲ ಎಚ್ಚರ ಇದ್ದವರು ತೂಕಡಿಸುತ್ತ ಘಾಟ್ ಹತ್ತಬಾರದು.

ಈ ಹನ್ನೆರಡರಲ್ಲಿ ಎಲ್ಲವನ್ನೂ ನೆನಪಿಡಲಾಗದಿದ್ದರೆ ಮೂರನ್ನಾದರೂ ಬಿಡಬೇಡಿ: ತಿಥಿ ನೋಡಿ ಹೊರಡಿ, ಜಾಕೆಟ್ ಬಿಗಿದು ಕೂತುಕೊಳ್ಳಿ, ಹೆಣ್ಣು ಏಡಿಯನ್ನು ನೀರಿಗೆ ಬಿಡಿ. ಮೊದಲನೆಯದು ದಿನವನ್ನು ಉಳಿಸುತ್ತದೆ, ಎರಡನೆಯದು ನಿಮ್ಮನ್ನು, ಮೂರನೆಯದು ಮುಂದಿನ ವರ್ಷದ ಏಡಿಯನ್ನು.